ಬಿಪಿ ಮಾತ್ರೆ ಎಲ್ಲಿ, ಯಾರ ಕೈಯಿಂದ, ಎಷ್ಟು ದಿನಕ್ಕೆ? ಮೂರನೇ ವರ್ಷಕ್ಕೂ ಉಳಿಯುವ ವ್ಯವಸ್ಥೆ ಆರಿಸುವ ಬಗೆ

ಅಮ್ಲೋಡಿಪಿನ್, ಟೆಲ್ಮಿಸಾರ್ಟನ್, ಕ್ಲೋರ್ಥಾಲಿಡೋನ್. ಮೂರೂ ಹಳೆಯ ಮಾತ್ರೆಗಳು, ಮೂರೂ ಅಗ್ಗ, ಮೂರೂ ಕೆಲಸ ಮಾಡುತ್ತವೆ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಆದರೂ ಬಿಪಿ ಕಾರ್ಯಕ್ರಮ ಬಹಳ ಕಡೆ ಒಂದೇ ದಾರಿ ಹಿಡಿಯುತ್ತದೆ. ಮೊದಲ ವರ್ಷ ತರಬೇತಿ, ಬ್ಯಾನರು, ಹೊಸ ಯಂತ್ರ, ಜಿಲ್ಲೆಯಿಂದ ಮೇಲಿಂದ ಮೇಲೆ ಜೀಪು. ಎರಡನೇ ವರ್ಷ, ಎಲ್ಲ ತಿಳಿದಿದ್ದ ಸ್ಟಾಫ್ ನರ್ಸ್‌ಗೆ ವರ್ಗ. ಮೂರನೇ ವರ್ಷದ ಹೊತ್ತಿಗೆ ರಿಜಿಸ್ಟರಿನಲ್ಲಿ ಹೆಸರುಗಳಿವೆ, ಬೆಂಚಿನ ಮೇಲೆ ಜನರಿಲ್ಲ.

ಮಾದರಿ ಇಲ್ಲವೆಂದಲ್ಲ. ಭಾರತೀಯ ರಕ್ತದೊತ್ತಡ ನಿಯಂತ್ರಣ ಉಪಕ್ರಮ 2017ರ ನವೆಂಬರ್‌ನಲ್ಲಿ ಪಂಜಾಬ್, ಕೇರಳ, ಮಧ್ಯಪ್ರದೇಶ, ತೆಲಂಗಾಣ, ಮಹಾರಾಷ್ಟ್ರಗಳಲ್ಲಿ ಶುರುವಾಗಿ, 2022ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿಯನ್ನೂ ಪಡೆಯಿತು. ಅದರ ಕಂಬಗಳು ಐದು: ಎಲ್ಲರಿಗೂ ಒಂದೇ ಚಿಕಿತ್ಸಾಕ್ರಮ, ತಪ್ಪದ ಔಷಧ ಪೂರೈಕೆ, ಕೆಲಸದ ಹಂಚಿಕೆ, ರೋಗಿಯ ಮನೆಗೆ ಹತ್ತಿರವಾದ ಸೇವೆ, ಬಾರದವರನ್ನು ಗುರುತಿಸುವ ದಾಖಲೆ. ಐದನ್ನೂ ಹೇಳುವುದು ಸುಲಭ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಅವುಗಳನ್ನು ನಡೆಸಲು ಎರಡು ಮೂರು ದಾರಿಗಳಿರುತ್ತವೆ; ಯಾವುದನ್ನು ಹಿಡಿದಿರಿ ಎಂಬುದರ ಮೇಲೆ ಮೂರನೇ ವರ್ಷ ನಿಂತಿರುತ್ತದೆ. ಪಿಎಚ್‌ಸಿಯ ವೈದ್ಯಾಧಿಕಾರಿ, ತಾಲ್ಲೂಕು ಆರೋಗ್ಯಾಧಿಕಾರಿ (ಟಿಎಚ್‌ಒ), ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಗಳಿಗೆ (ಸಿಎಚ್‌ಒ) ಮತ್ತು ಅವರ ಜೊತೆ ಕೆಲಸ ಮಾಡುವ ಸಂಸ್ಥೆಗಳವರಿಗೆ ಆ ದಾರಿಗಳನ್ನು ಇಲ್ಲಿ ಪಕ್ಕಪಕ್ಕ ಇಟ್ಟು ನೋಡಿದ್ದೇವೆ.

ಮೊದಲು ತಲೆ ಎಣಿಸಿ

2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದಲ್ಲಿ 15 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ಶೇ 21.3, ಗಂಡಸರಲ್ಲಿ ಶೇ 24 ಮಂದಿಗೆ ಬಿಪಿ ಜಾಸ್ತಿ ಇದೆ ಅಥವಾ ಅದಕ್ಕಾಗಿ ಮಾತ್ರೆ ತಗೊಳ್ಳುತ್ತಿದ್ದಾರೆ. ಬಯಲುಸೀಮೆಯ ಮಾನದಂಡದಂತೆ ನಿಮ್ಮ ಪಿಎಚ್‌ಸಿಗೆ 30,000 ಜನ ಎಂದುಕೊಳ್ಳಿ. 15 ದಾಟಿದವರು ಮುಕ್ಕಾಲು ಪಾಲು ಎಂದರೆ 22,500. ಅವರಲ್ಲಿ ಬಿಪಿ ಇರುವವರು ಸುಮಾರು 5,000. 5,000 ಜನರ ಒಂದು ಉಪಕೇಂದ್ರದ ಲೆಕ್ಕ ತೆಗೆದರೆ 800ರ ಆಸುಪಾಸು.

ಎಲ್ಲರೂ ಸರ್ಕಾರಿ ಆಸ್ಪತ್ರೆಗೆ ಬರುವುದಿಲ್ಲ, ಎಷ್ಟೋ ಜನರಿಗೆ ಬಿಪಿ ಇದೆಯೆಂದೇ ಗೊತ್ತಿಲ್ಲ. ನೋಂದಣಿ 600 ಎಂದೇ ಇಟ್ಟುಕೊಳ್ಳೋಣ. ಪ್ರತಿಯೊಬ್ಬರೂ ತಿಂಗಳಿಗೊಮ್ಮೆ ಬರಬೇಕು, ಬಿಪಿ, ಶುಗರ್‌ನಂಥ ಅಂಟದ ಕಾಯಿಲೆಗಳ (ಎನ್‌ಸಿಡಿ) ಕ್ಲಿನಿಕ್ ವಾರಕ್ಕೊಂದು ದಿನ. ದಿನಕ್ಕೆ 150 ಮಂದಿ ಆಯಿತು. ತಲೆಗೆ ಐದೇ ನಿಮಿಷ ಹಿಡಿದರೂ ಹನ್ನೆರಡೂವರೆ ಗಂಟೆ. ಒಬ್ಬ ವೈದ್ಯ, ಒಬ್ಬ ನರ್ಸ್ ಇರುವಲ್ಲಿ ಇದು ಆಗದ ಮಾತು. 200 ಮಂದಿ ಇದ್ದಾಗ ಸಲೀಸಾಗಿ ನಡೆದ ಏರ್ಪಾಡು 600ಕ್ಕೆ ಕುಸಿಯುತ್ತದೆ, ಕುಸಿದದ್ದು ಕಣ್ಣಿಗೂ ಬೀಳುವುದಿಲ್ಲ. ಏಕೆಂದರೆ ಕುಸಿತದ ಮೊದಲ ಗುರುತು ಸಾಲು ಚಿಕ್ಕದಾಗುವುದು. ‘ಈಚೆಗೆ ರಶ್ ಕಡಿಮೆ’ ಎಂದು ಸಮಾಧಾನಪಡುವ ಹೊತ್ತಿಗೆ ಅರ್ಧ ಜನ ಮಾತ್ರೆ ಬಿಟ್ಟಿರುತ್ತಾರೆ.

ಹಾಗಾಗಿ ಇಂದಿನ ಸಂಖ್ಯೆ ನೋಡಿ ಆರಿಸಬೇಡಿ. ಎರಡು ವರ್ಷದ ನಂತರದ ಸಂಖ್ಯೆಗೆ ಆರಿಸಿ.

ಎಲ್ಲಿ ಕೊಡುವುದು

*ಪಿಎಚ್‌ಸಿಯಲ್ಲಿ ವಾರದ ಕ್ಲಿನಿಕ್.* ವೈದ್ಯರು, ಫಾರ್ಮಸಿ, ಲ್ಯಾಬ್ ಒಂದೇ ಸೂರಿನಡಿ ಇರುತ್ತವೆ. ಹೊಸ ರೋಗಿಗೆ, ಬಿಪಿ ಇಳಿಯದ ರೋಗಿಗೆ, ಶುಗರ್ ಅಥವಾ ಕಿಡ್ನಿ ತೊಂದರೆ ಜೊತೆಗಿರುವವರಿಗೆ ಇದೇ ಸರಿ. ದಿನ ಆರಿಸುವಾಗ ಊರಿನ ಸಂತೆ ನೋಡಿ. ಸಂತೆಗೆ ಹೇಗೂ ಬರುವವರು ಮಾತ್ರೆಯನ್ನೂ ಒಯ್ಯುತ್ತಾರೆ; ಸಂತೆಯ ಮಾರನೇ ದಿನ ಇಟ್ಟರೆ ಅದೇ ಜನ ಎರಡು ದಿನ ಕೆಲಸ ಬಿಡಬೇಕು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನ ಖರ್ಚು ಉಳಿದಿದೆ, ನಿಜ. ಕೂಲಿ ಉಳಿದಿಲ್ಲ. ಅರ್ಧ ದಿನದ ಕೂಲಿ ಬಿಟ್ಟು ಬಂದವರಿಗೆ ‘ಮಾತ್ರೆ ಖಾಲಿ, ಬರುವ ವಾರ ಬನ್ನಿ’ ಎಂದು ಎರಡು ಸಲ ಹೇಳಿದರೆ ಮೂರನೇ ಸಲ ಅವರು ಬರುವುದಿಲ್ಲ.

*ಉಪಕೇಂದ್ರದಲ್ಲಿ, ಸಿಎಚ್‌ಒ ಕೈಯಿಂದ.* ಬೋರ್ಡಿನ ಮೇಲೆ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂದಿರುತ್ತದೆ. ವೈದ್ಯರು ಶುರುಮಾಡಿದ ಮಾತ್ರೆಯನ್ನು ಸಿಎಚ್‌ಒ ಮುಂದುವರಿಸುತ್ತಾರೆ, ಬಿಪಿ ನೋಡುತ್ತಾರೆ, ಏರಿದ್ದರೆ ಸರ್ಕಾರದ ಆನ್‌ಲೈನ್ ವೈದ್ಯಸಲಹೆ ಇ-ಸಂಜೀವನಿಯಲ್ಲೋ ಫೋನಿನಲ್ಲೋ ವೈದ್ಯರನ್ನು ಕೇಳುತ್ತಾರೆ. ನಮ್ಮ ಮಟ್ಟಿಗೆ, ನೋಂದಣಿ 250-300 ದಾಟಿದ ಯಾವ ಪಿಎಚ್‌ಸಿಯೂ ಬಿಪಿ ಹದಕ್ಕೆ ಬಂದ ರೋಗಿಗಳನ್ನು ಉಪಕೇಂದ್ರಕ್ಕೆ ಹಂಚದೆ ಉಳಿಯುವುದಿಲ್ಲ. ಮೇಲೆ ಹೇಳಿದ ಉಪಕ್ರಮದ ಅನುಭವವೂ ಅದೇ: ದೊಡ್ಡ ಆಸ್ಪತ್ರೆಗಿಂತ ಊರಿಗೆ ಹತ್ತಿರದ ಸಣ್ಣ ಕೇಂದ್ರಗಳಲ್ಲಿ ಜನ ಹೆಚ್ಚು ನಿಯಮಿತವಾಗಿ ಬಂದರು, ಬಿಪಿಯೂ ಹೆಚ್ಚು ಮಂದಿಯಲ್ಲಿ ಹದಕ್ಕೆ ಬಂತು. ಚೀನಾದ ಹಳ್ಳಿಗಳಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಎಂಬಿಬಿಎಸ್ ಅಲ್ಲದ ಹಳ್ಳಿ ವೈದ್ಯರೇ ನಿಗದಿತ ಕ್ರಮದಂತೆ ಮಾತ್ರೆ ಕೊಟ್ಟು, ಏರಿಸಿದರು. 18 ತಿಂಗಳಲ್ಲಿ 130/80ಕ್ಕಿಂತ ಕೆಳಗೆ ಬಂದವರು ಆ ಹಳ್ಳಿಗಳಲ್ಲಿ ಶೇ 57, ಮಾಮೂಲಿ ಚಿಕಿತ್ಸೆಯ ಹಳ್ಳಿಗಳಲ್ಲಿ ಶೇ 19.9. ಅಲ್ಲಿ ಹಳ್ಳಿ ವೈದ್ಯರ ಬೆನ್ನಿಗೆ ಮೇಲಿನ ವೈದ್ಯರ ಉಸ್ತುವಾರಿ ಇತ್ತು, ರಿಯಾಯಿತಿ ಅಥವಾ ಉಚಿತ ಮಾತ್ರೆ ಇತ್ತು. ಅವೆರಡನ್ನು ಬಿಟ್ಟು ‘ಕೆಲಸ ಹಂಚಿದೆವು’ ಎಂದರೆ ಹಂಚಿದ್ದು ಹೊರೆ ಮಾತ್ರ.

ಇಲ್ಲಿ ಕೆಡುವುದು ಎರಡು ಕಡೆ. ಸಿಎಚ್‌ಒ ಒಬ್ಬರೇ, ರಜೆ, ತರಬೇತಿ, ಸಭೆ ಎಂದು ಹೊರಟರೆ ಬಾಗಿಲಿಗೆ ಬೀಗ. ಅವರಿಲ್ಲದ ದಿನ ಮಾತ್ರೆ ಕೊಡುವವರು ಯಾರು ಎಂಬುದನ್ನು ಮೊದಲೇ ಬರೆದಿಡಿ. ಅದೇ ಉಪಕೇಂದ್ರದ ಎಎನ್‌ಎಂ (ಸಹಾಯಕ ನರ್ಸ್) ಆದರೆ ಒಳ್ಳೆಯದು, ಬೀರುವಿನ ಎರಡನೇ ಕೀಲಿಯೂ ಅವರ ಬಳಿ ಇರಲಿ. ಎರಡನೆಯದು ಮಾತ್ರೆ. ಪಿಎಚ್‌ಸಿಯಲ್ಲಿ ಸ್ಟಾಕ್ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಉಪಕೇಂದ್ರದ ಪಾಲಿಗೆ. ಎರಡು ತಿಂಗಳು ಹಾಗಾದರೆ ಜನ ಮತ್ತೆ ಪಿಎಚ್‌ಸಿಗೇ ಬರುತ್ತಾರೆ, ಹಂಚಿಕೆ ಕಾಗದದಲ್ಲಿ ಉಳಿಯುತ್ತದೆ.

*ಮನೆ ಬಾಗಿಲಿಗೆ.* ತಮಿಳುನಾಡಿನ ‘ಮಕ್ಕಳೈ ತೇಡಿ ಮರುತ್ತುವಂ’ (ಜನರನ್ನು ಅರಸಿ ಬರುವ ವೈದ್ಯಸೇವೆ) 2021ರ ಆಗಸ್ಟ್‌ನಲ್ಲಿ ನಮ್ಮ ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯಲ್ಲೇ ಶುರುವಾಯಿತು. ಕರ್ನಾಟಕದ ‘ಗೃಹ ಆರೋಗ್ಯ’ 2024ರಲ್ಲಿ ಕೋಲಾರದಿಂದ. ನಡೆಯಲಾಗದ ಮುದುಕರಿಗೆ, ಲಕ್ವ ಹೊಡೆದವರಿಗೆ, ಹಾಡಿ-ತಾಂಡಾಗಳಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಎಲ್ಲರಿಗೂ ಇದನ್ನೇ ಮಾಡಲು ಹೊರಟರೆ ಮಾತ್ರ ಯೋಚಿಸಿ. ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾಗಳ 30 ಹಳ್ಳಿ ಸಮೂಹಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಕೋಬ್ರಾ-ಬಿಪಿಎಸ್ ಪ್ರಯೋಗವನ್ನು ಮನೆಭೇಟಿಯ ಪರವಾಗಿ ಎಲ್ಲರೂ ಎತ್ತಿ ಹೇಳುತ್ತಾರೆ: ಎರಡು ವರ್ಷದಲ್ಲಿ ಮೇಲಿನ ಬಿಪಿ ಮಾಮೂಲಿ ಚಿಕಿತ್ಸೆಗಿಂತ 5.2 ಅಂಕ ಹೆಚ್ಚು ಇಳಿಯಿತು. ಆದರೆ ಅಲ್ಲಿ ಕಾರ್ಯಕರ್ತೆಯರು ಮಾತ್ರೆ ಹಂಚಿದವರಲ್ಲ. ಬಿಪಿ ಅಳೆದರು, ತಿಳಿಹೇಳಿದರು, ಏರಿದ್ದವರನ್ನು ವೈದ್ಯರಿಗೆ ದಾಟಿಸಿದರು. ವೈದ್ಯರಿಗೂ ತರಬೇತಿ ಆಗಿತ್ತು. ಬರೀ ಸ್ಟ್ರಿಪ್ ತಲುಪಿಸುವ ಮನೆಭೇಟಿಗೆ ಆ ಪುರಾವೆ ಅನ್ವಯಿಸುವುದಿಲ್ಲ.

ಬರೀ ಸ್ಟ್ರಿಪ್ ತಲುಪಿಸಿದರೆ ಏನಾಗುತ್ತದೆಂದು ತಿಳಿಯಬೇಕಾದರೆ ನಾಲ್ಕು ಮನೆಗೆ ಹೋಗಿ ಮಾತ್ರೆ ಇಡುವ ಡಬ್ಬ ತೆಗೆಸಿ ನೋಡಿ. ಹಾರ್ಲಿಕ್ಸ್ ಡಬ್ಬವೋ, ದೇವರ ಗೂಡಿನ ಪಕ್ಕದ ಪ್ಲಾಸ್ಟಿಕ್ ಚೀಲವೋ ಇರುತ್ತದೆ. ಅದರಲ್ಲಿ ಅಮ್ಲೋಡಿಪಿನ್ ನಾಲ್ಕು ಸ್ಟ್ರಿಪ್ ತುಂಬ ಹಾಗೇ ಇದ್ದರೆ ನಲವತ್ತು ದಿನ ನುಂಗಿಲ್ಲವೆಂದೇ ಅರ್ಥ. ವರದಿಯಲ್ಲಿ ಅದು ‘ತಲುಪಿಸಲಾಗಿದೆ’. ಹಾಗಾಗಿ ಮನೆಗೆ ಕೊಡುವುದಾದರೆ ಮೂರು ಷರತ್ತು ಹಾಕಿಕೊಳ್ಳಿ: ಹಳೆಯದು ಎಣಿಸದೆ ಹೊಸದು ಕೊಡಬಾರದು; ಬಿಪಿ ನೋಡದೆ ಎರಡು ತಿಂಗಳು ದಾಟಬಾರದು; ಒಬ್ಬ ಆಶಾ ಮೇಲೆ ಇಂಥ 25-30 ಮನೆಗಿಂತ ಹೆಚ್ಚು ಬೀಳಬಾರದು. ಆಶಾ ಕಾರ್ಯಕರ್ತೆಯರ ಹಣ ಪ್ರೋತ್ಸಾಹಧನದ ಲೆಕ್ಕದಲ್ಲಿ ಬರುತ್ತದೆ. ಆ ಹಣ ಮೂರು ತಿಂಗಳು ತಡವಾದರೆ ಮೊದಲು ನಿಲ್ಲುವುದು ಹೊಸದಾಗಿ ಹೊರಿಸಿದ ಕೆಲಸ. ಅದನ್ನು ಅವರ ಸೋಮಾರಿತನ ಎನ್ನುವವರು ಒಂದು ದಿನ ಅವರ ಜೊತೆ ನಡೆದು ಬರಲಿ.

ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಬಿಪಿ ನೋಡಿ ಮಾತ್ರೆ ಕೊಡುವ ದಾರಿಯೂ ಇದೆ. ಸಂಘ ಗಟ್ಟಿಯಿದ್ದ ಊರಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಗಂಡಸರು ಬರುವುದಿಲ್ಲ, ಅಷ್ಟೇ.

ಮಿಶ್ರ ಮಾಡುವುದೇ ಲೇಸು: ಹೊಸಬರು ಮತ್ತು ಬಿಪಿ ಇಳಿಯದವರು ಪಿಎಚ್‌ಸಿಗೆ, ಹದಕ್ಕೆ ಬಂದವರು ಉಪಕೇಂದ್ರಕ್ಕೆ, ಹೊರಗೆ ಬರಲಾಗದವರಿಗೆ ಮಾತ್ರ ಮನೆಗೆ. ಯಾರು ಯಾವ ಗುಂಪು ಎಂಬುದು ಕಾರ್ಡಿನ ಮೇಲೆ ಬರೆದಿರಬೇಕು, ನರ್ಸ್ ತಲೆಯಲ್ಲಲ್ಲ. 180/110 ಅಥವಾ ಮೇಲಿದ್ದವರು ಯಾವ ಗುಂಪಿನವರಾದರೂ ಅದೇ ದಿನ ವೈದ್ಯರ ಮುಂದೆ ಇರಬೇಕು. ಎದೆನೋವು, ಏದುಸಿರು, ಕೈಕಾಲು ಸ್ವಾಧೀನ ತಪ್ಪುವುದು, ಮಾತು ತೊದಲುವುದು ಇದ್ದರೆ ನೇರ ದೊಡ್ಡಾಸ್ಪತ್ರೆಗೆ.

ಮೂವತ್ತು ದಿನಕ್ಕೋ, ತೊಂಬತ್ತು ದಿನಕ್ಕೋ

ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುವುದು ಇಷ್ಟು: ಮಾತ್ರೆ ಶುರುಮಾಡಿದ ಅಥವಾ ಬದಲಿಸಿದ ಮೇಲೆ ಗುರಿ ಮುಟ್ಟುವವರೆಗೆ ತಿಂಗಳಿಗೊಮ್ಮೆ ನೋಡಿ, ಹದಕ್ಕೆ ಬಂದವರನ್ನು 3ರಿಂದ 6 ತಿಂಗಳಿಗೊಮ್ಮೆ ನೋಡಿದರೆ ಸಾಕು. ಹದಕ್ಕೆ ಬಂದ 300 ಮಂದಿಯನ್ನು ಮೂರು ತಿಂಗಳ ಮಾತ್ರೆಗೆ ದಾಟಿಸಿದರೆ, ತಿಂಗಳಿಗೆ 300 ಇದ್ದ ಭೇಟಿ 100ಕ್ಕೆ ಇಳಿಯುತ್ತದೆ. ಹೊಸ ಸಿಬ್ಬಂದಿ ಕೇಳದೆ, ಹೊಸ ದುಡ್ಡು ಕೇಳದೆ ಉಸಿರಾಡಲು ಜಾಗ ಸಿಗುವುದು ಇಲ್ಲೊಂದೇ ಕಡೆ.

ಹಾಗಿದ್ದರೆ ಎಲ್ಲರೂ ಯಾಕೆ ಮಾಡುವುದಿಲ್ಲ? ಸ್ಟಾಕಿನ ಭಯ. ಉಗ್ರಾಣದಲ್ಲಿ ಒಂದೂವರೆ ತಿಂಗಳ ಮಾತ್ರೆ ಇಟ್ಟುಕೊಂಡು ಮೂರು ತಿಂಗಳದ್ದು ಹಂಚಿದರೆ ಮುಂದಿನ ವಾರ ಬಂದವರಿಗೆ ಇಲ್ಲ. ಹಾಗಾಗಿ ಎಲ್ಲರನ್ನೂ ಒಂದೇ ತಿಂಗಳಲ್ಲಿ ದಾಟಿಸಬೇಡಿ. ಮೂರು ಭಾಗ ಮಾಡಿ, ತಿಂಗಳಿಗೊಂದು ಭಾಗ. ಪೂರೈಕೆ ಭರವಸೆಯಿಲ್ಲದ ಕಡೆ 60 ದಿನವೇ ಸರಿ.

ಒಂದು ಗುಂಪಿಗೆ ಮಾತ್ರ ಇದು ಆಯ್ಕೆಯಲ್ಲ, ಅನಿವಾರ್ಯ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗುವವರು. ಅವರಿಗೆ ಹೊರಡುವ ಮೊದಲೇ 90 ದಿನದ ಮಾತ್ರೆ, ಮಾತ್ರೆಯ ಹೆಸರು-ಪ್ರಮಾಣ ಬರೆದ ಕಾರ್ಡು ಕೊಟ್ಟು, ನಗರದಲ್ಲಿ ಸರ್ಕಾರದ ‘ನಮ್ಮ ಕ್ಲಿನಿಕ್’ಗೆ ಆ ಕಾರ್ಡು ತೋರಿಸಲು ಹೇಳಿ. ‘ಅದೇ ಬಿಳಿ ಸಣ್ಣ ಮಾತ್ರೆ’ ಎಂದರೆ ಅಲ್ಲಿಯವರಿಗೆ ಏನೂ ತಿಳಿಯುವುದಿಲ್ಲ.

ಒಂದೇ ಕ್ರಮವೋ, ವೈದ್ಯರ ಇಷ್ಟವೋ

ಕ್ರಮದ ವಿವರ ರಾಜ್ಯದಿಂದ ರಾಜ್ಯಕ್ಕೆ ಸ್ವಲ್ಪ ಬೇರೆ. ಸಾಮಾನ್ಯವಾದ ಒಂದು ರೂಪ: 140/90 ದಾಟಿದರೆ ಅಮ್ಲೋಡಿಪಿನ್ 5 ಮಿಗ್ರಾಂ, ತಿಂಗಳಾದರೂ ಇಳಿಯದಿದ್ದರೆ ಟೆಲ್ಮಿಸಾರ್ಟನ್ 40 ಸೇರಿಸುವುದು, ಆಮೇಲೆ ಅದನ್ನು 80ಕ್ಕೆ ಏರಿಸುವುದು, ಆಮೇಲೆ ಕ್ಲೋರ್ಥಾಲಿಡೋನ್ 12.5. ವೈದ್ಯರಲ್ಲಿ ಕೆಲವರಿಗೆ ಇದು ಕೈ ಕಟ್ಟಿದಂತೆ ಅನಿಸುತ್ತದೆ. ಆದರೆ ಲಾಭ ಚಿಕಿತ್ಸೆಗಿಂತ ಉಗ್ರಾಣಕ್ಕೆ: ಐದು ವೈದ್ಯರು ಐದು ಬಗೆಯ ಮಾತ್ರೆ ಬರೆದರೆ ಇಂಡೆಂಟ್ (ಮಾತ್ರೆಯ ಬೇಡಿಕೆಪಟ್ಟಿ) ಹಾಕುವವನಿಗೆ ಯಾವುದು ಎಷ್ಟು ಎಂದು ಹೇಳಲು ಆಗುವುದಿಲ್ಲ, ಸಿಎಚ್‌ಒಗೆ ಮುಂದಿನ ಹೆಜ್ಜೆ ಕಲಿಸಲೂ ಆಗುವುದಿಲ್ಲ. ಹೊಸ ವೈದ್ಯರು ಬಂದಾಗ ಗೋಡೆಯ ಮೇಲಿನ ಒಂದು ಹಾಳೆ ಸಾಕು. ಗರ್ಭಿಣಿಯರಿಗೆ, ಗರ್ಭ ಧರಿಸುವ ಸಾಧ್ಯತೆ ಇರುವವರಿಗೆ ಟೆಲ್ಮಿಸಾರ್ಟನ್ ಕೂಡದು ಎಂಬುದು ಅದೇ ಹಾಳೆಯಲ್ಲಿ ದಪ್ಪಕ್ಷರದಲ್ಲಿರಲಿ. ಅಮ್ಲೋಡಿಪಿನ್‌ನಿಂದ ಪಾದ ಊದುವುದು, ಕ್ಲೋರ್ಥಾಲಿಡೋನ್‌ನಿಂದ ಸೋಡಿಯಂ-ಪೊಟ್ಯಾಸಿಯಂ ಇಳಿಯುವುದು, ಇವೆರಡನ್ನೂ ಬರೆಯಿರಿ. ಪಾದ ಊದಿಕೊಂಡವರು ಯಾರಿಗೂ ಹೇಳದೆ ಮಾತ್ರೆ ಬಿಡುತ್ತಾರೆ.

ಎರಡು ಔಷಧ ಒಂದೇ ಮಾತ್ರೆಯಲ್ಲಿರುವ ಜೋಡಿ ಮಾತ್ರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ರೋಗಿಗೆ ನುಂಗಲು ಒಂದೇ, ಸ್ಟಾಕ್ ಬುಕ್ಕಿನಲ್ಲಿ ಸಾಲೂ ಒಂದೇ. ತೊಂದರೆ ಎರಡು: ಆ ಒಂದು ಸಾಲು ಖಾಲಿಯಾದರೆ ಎರಡೂ ಔಷಧ ಒಟ್ಟಿಗೆ ನಿಲ್ಲುತ್ತವೆ, ಪಾದ ಊದಿದರೆ ಒಂದನ್ನು ಮಾತ್ರ ತೆಗೆಯಲು ಬಾರದು. ಸರ್ಕಾರಿ ಪೂರೈಕೆಯಲ್ಲಿ ನಿಯಮಿತವಾಗಿ ಬರುತ್ತಿದ್ದರೆ ಹಿಡಿಯಿರಿ, ಶಿಬಿರಕ್ಕೆಂದು ಯಾರೋ ದಾನ ಕೊಟ್ಟ ಎರಡು ಡಬ್ಬ ನಂಬಿ ಯಾರನ್ನೂ ಅದಕ್ಕೆ ಬದಲಿಸಬೇಡಿ.

ಟೆಲ್ಮಿಸಾರ್ಟನ್ ಬಗ್ಗೆ ಒಂದು ಮಾತು. ಆ ಮಾತ್ರೆ ಗಾಳಿಯ ತೇವ ಹೀರುತ್ತದೆ. ಸ್ಟ್ರಿಪ್ಪಿನಿಂದ ಬಿಡಿಸಿ ಕಾಗದದ ಲಕೋಟೆಗೆ ಹಾಕಿ ಕೊಡುವ ಹಳೆಯ ಅಭ್ಯಾಸ ಇದಕ್ಕೆ ಆಗದು. ಮಳೆಗಾಲದ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಕೆಲವೇ ದಿನಕ್ಕೆ ಮೆತ್ತಗಾಗುತ್ತದೆ, ಅಂಚು ಉದುರುತ್ತದೆ. ರೋಗಿ ‘ಕೆಟ್ಟ ಮಾತ್ರೆ’ ಎಂದು ಎಸೆಯುತ್ತಾರೆ. ಕತ್ತರಿಸುವುದಾದರೂ ಸ್ಟ್ರಿಪ್ಪಿನ ಗುಳ್ಳೆಗಳ ನಡುವೆ ಕತ್ತರಿಸಿ, ಗುಳ್ಳೆ ಒಡೆಯಬಾರದು.

ಇಂಡೆಂಟ್: ಇಲ್ಲೇ ಹೆಚ್ಚು ಕಾರ್ಯಕ್ರಮಗಳು ಸಾಯುವುದು

ಎರಡು ವಿಧಾನ. ಒಂದು, ಕಳೆದ ತಿಂಗಳ ಖರ್ಚು ನೋಡಿ ಮುಂದಿನದಕ್ಕೆ ಬರೆಯುವುದು. ಇನ್ನೊಂದು, ನೋಂದಾಯಿತ ರೋಗಿಗಳನ್ನು ಎಣಿಸಿ ಬರೆಯುವುದು. ಮೊದಲನೆಯದು ಸುಲಭ, ಎಲ್ಲ ಕಡೆ ರೂಢಿಯಲ್ಲಿರುವುದೂ ಅದೇ. ಅದರೊಳಗೊಂದು ಬಲೆ ಇದೆ. ಜೂನ್‌ನಲ್ಲಿ ಅಮ್ಲೋಡಿಪಿನ್ ಇಪ್ಪತ್ತು ದಿನ ಇರಲಿಲ್ಲ ಎಂದರೆ ಜೂನ್ ಖರ್ಚು ಮೂರನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಜುಲೈ ಇಂಡೆಂಟ್ ಅಷ್ಟಕ್ಕೇ ಹೋಗುತ್ತದೆ, ಬಂದದ್ದು ಹತ್ತೇ ದಿನಕ್ಕೆ ಮುಗಿಯುತ್ತದೆ, ಆಗಸ್ಟ್ ಇಂಡೆಂಟ್ ಅದನ್ನೇ ನೋಡಿ ತಯಾರಾಗುತ್ತದೆ. ಕೊರತೆ ಅಲ್ಲೇ ಬೇರು ಬಿಡುತ್ತದೆ.

ಎರಡನೆಯದರ ಲೆಕ್ಕ ಹೀಗೆ. 600 ರೋಗಿಗಳಲ್ಲಿ 360 ಮಂದಿ ಅಮ್ಲೋಡಿಪಿನ್ ಒಂದರಲ್ಲೇ, 180 ಮಂದಿ ಅದರ ಜೊತೆ ಟೆಲ್ಮಿಸಾರ್ಟನ್ 40ರಲ್ಲಿ, 60 ಮಂದಿ ಟೆಲ್ಮಿಸಾರ್ಟನ್ 80ರಲ್ಲಿ ಇದ್ದಾರೆ ಎನ್ನಿ. ಅಮ್ಲೋಡಿಪಿನ್ 5: 600 × 30 = 18,000. ಟೆಲ್ಮಿಸಾರ್ಟನ್ 40: 180 × 30 = 5,400; 80ರವರಿಗೆ ದಿನಕ್ಕೆರಡು, 60 × 60 = 3,600; ಒಟ್ಟು 9,000. ಇದು ಒಂದು ತಿಂಗಳದ್ದು. ಮೂರು ತಿಂಗಳು ಕೈಯಲ್ಲಿರಬೇಕೆಂದರೆ 54,000 ಮತ್ತು 27,000. ತಿಂಗಳಿಗೆ 20 ಹೊಸಬರು ಸೇರುತ್ತಿದ್ದರೆ ಅದನ್ನೂ ಕೂಡಿಸಿ. ಎಲ್ಲರೂ ಬರುವುದಿಲ್ಲವಲ್ಲ, ಶೇ 70ಕ್ಕೆ ಸಾಕು ಎಂದು ಕಡಿಮೆ ಬರೆಯುವ ಆಸೆಯಾಗುತ್ತದೆ. ಆಶಾ ಹೋಗಿ ಬಾರದವರನ್ನು ಕರೆತಂದ ತಿಂಗಳೇ ಮಾತ್ರೆ ಮುಗಿಯುತ್ತದೆ, ಕರೆತಂದವಳ ಮುಖಕ್ಕೆ ಮಸಿ.

5 ಮಿಗ್ರಾಂ ಬದಲು 10 ಬಂದರೆ ಸ್ಟಾಕ್ ಬುಕ್ಕಿನಲ್ಲಿ ಬೇರೆ ಸಾಲಾಗಿ ಏರಿಸಿ. ಇಲ್ಲವಾದರೆ ಹಳೆಯ ಅಭ್ಯಾಸದಲ್ಲಿ ಒಂದಕ್ಕೊಂದು ಕೊಟ್ಟು ಪ್ರಮಾಣ ಇಮ್ಮಡಿಯಾಗುತ್ತದೆ. ‘ಅಮ್ಲೋಡಿಪಿನ್ ಇಲ್ಲ, ಅಟೆನೊಲಾಲ್ ಇದೆ, ಅದನ್ನೇ ಕೊಡಿ’ ಎನ್ನುವುದು ಶುರುವಾದ ದಿನ ಕ್ರಮ ಮುಗಿಯಿತೆಂದು ತಿಳಿಯಿರಿ. ಅದರ ಬದಲು, ಕೈಯಲ್ಲಿರುವುದು ಒಂದು ತಿಂಗಳದ್ದಕ್ಕೆ ಇಳಿದಾಗ ಆಸ್ಪತ್ರೆಯದೇ ಆರೋಗ್ಯ ರಕ್ಷಾ ಸಮಿತಿಯ ಹಣದಿಂದ ಕೊಳ್ಳಲು ಮೊದಲೇ ನಿರ್ಣಯ ಮಾಡಿಸಿಟ್ಟುಕೊಳ್ಳಿ. ಖಾಲಿಯಾದ ಮೇಲೆ ಸಭೆ ಕರೆಯುವುದಕ್ಕೆ ಎರಡು ವಾರ ಬೇಕಾಗುತ್ತದೆ.

ದಾಖಲೆ: ಕಾರ್ಡಿನ ಪೆಟ್ಟಿಗೆಯೋ, ಮೊಬೈಲೋ

ರಿಜಿಸ್ಟರನ್ನು ಮೊದಲೇ ಪಕ್ಕಕ್ಕಿಡೋಣ. ಬಂದವರನ್ನು ಬಂದ ಕ್ರಮದಲ್ಲಿ ಬರೆಯುವ ಪುಸ್ತಕದಲ್ಲಿ ಬಾರದವರನ್ನು ಹುಡುಕಲು ಆಗುವುದಿಲ್ಲ. ನಮಗೆ ಬೇಕಾದದ್ದು ಬಾರದವರ ಹೆಸರೇ.

ಕಾರ್ಡಿನ ಪೆಟ್ಟಿಗೆಯನ್ನು ಹಳೆಯ ಶೂ ಡಬ್ಬದಲ್ಲೂ ಮಾಡಬಹುದು. ರೋಗಿಗೊಂದು ಗಟ್ಟಿ ಕಾರ್ಡು. ಪೆಟ್ಟಿಗೆಯಲ್ಲಿ ಹನ್ನೆರಡು ತಿಂಗಳ ವಿಭಾಗ, ಪ್ರತಿ ವಿಭಾಗದಲ್ಲಿ ವಾರಕ್ಕೊಂದು ಚೀಟಿ. ರೋಗಿ ಬಂದಾಗ ಕಾರ್ಡು ತೆಗೆದು ಬಿಪಿ, ಮಾತ್ರೆ, ದಿನ ಬರೆದು ಮುಂದೆ ಬರಬೇಕಾದ ವಾರಕ್ಕೆ ಸರಿಸುವುದು. ಶನಿವಾರ ಮಧ್ಯಾಹ್ನ ಈ ವಾರದ ಚೀಟಿಯ ಹಿಂದೆ ಉಳಿದ ಕಾರ್ಡುಗಳೇ ಬಾರದವರ ಪಟ್ಟಿ. ಆಶಾವಾರು ಬಿಡಿಸಿ, ಹೆಸರು ಫೋನ್‌ನಲ್ಲಿ ಹೇಳಿದರೆ ಹತ್ತು ನಿಮಿಷದ ಕೆಲಸ. ಕರೆಂಟು ಬೇಡ, ನೆಟ್‌ವರ್ಕ್ ಬೇಡ, ಹೊಸ ನರ್ಸ್‌ಗೆ ಕಲಿಸಲು ಅರ್ಧ ಗಂಟೆ ಸಾಕು. 500 ಕಾರ್ಡು ದಾಟಿದರೆ ಮಾತ್ರ ಹುಡುಕಾಟ ನಿಧಾನವಾಗುತ್ತದೆ, ರೋಗಿ ತಪ್ಪಿದ ವಾರ ಬಂದರೆ ಕಾರ್ಡು ಸಿಗದೆ ಹೊಸದು ಮಾಡುವುದು ಶುರುವಾಗುತ್ತದೆ. ಒಬ್ಬರಿಗೇ ಎರಡು ಕಾರ್ಡು ಆದರೆ ಒಂದು ಯಾವಾಗಲೂ ‘ಬಾರದವರ’ ಪಟ್ಟಿಯಲ್ಲಿ ಇರುತ್ತದೆ. ಉಪಕೇಂದ್ರಕ್ಕೆ ರೋಗಿಗಳನ್ನು ಹಂಚಿದಾಗ ಅವರ ಕಾರ್ಡನ್ನೂ ಅಲ್ಲಿಗೇ ಕಳಿಸಿದರೆ ಈ ತೊಂದರೆ ಅರ್ಧ ಕಡಿಮೆ.

ಮೊಬೈಲ್ ಆ್ಯಪ್‌ಗಳಲ್ಲಿ ‘ಸಿಂಪಲ್’ ಈ ಒಂದೇ ಕೆಲಸಕ್ಕೆ ಮಾಡಿದ್ದು: ಕ್ಯೂಆರ್ ಕಾರ್ಡು ಸ್ಕ್ಯಾನ್ ಮಾಡಿ, ಬಿಪಿ ಹಾಕಿ, ಮುಂದಿನ ದಿನಾಂಕ ಹಾಕಿದರೆ ಮುಗಿಯಿತು; ಬಾರದವರ ಪಟ್ಟಿ ತಾನಾಗಿ ಬರುತ್ತದೆ. ರಾಷ್ಟ್ರೀಯ ಎನ್‌ಸಿಡಿ ಪೋರ್ಟಲ್ ಕೇಳುವುದು ಹೆಚ್ಚು, ಆದರೆ ವರದಿ ಹೋಗಬೇಕಾದದ್ದು ಅಲ್ಲಿಗೇ. ಎರಡರಲ್ಲೂ ತುಂಬಿಸಿ, ರಿಜಿಸ್ಟರಿನಲ್ಲೂ ಬರೆಯಿರಿ ಎಂದರೆ ಮೂರರಲ್ಲೂ ಅರೆಬರೆಯಾಗುತ್ತದೆ. ಒಂದನ್ನು ಉಳಿಸಿ. ಪೋರ್ಟಲ್ ಕಡ್ಡಾಯವಾದ ಕಡೆ ಪೋರ್ಟಲ್ ಮತ್ತು ರೋಗಿಯ ಕೈಯಲ್ಲಿ ಒಂದು ಕಾರ್ಡು, ಇಷ್ಟೇ.

ಆ್ಯಪ್ ಬಂದರೆ ಬಿಪಿ ಇಳಿಯುತ್ತದೆ ಎಂದು ಮಾತ್ರ ಯಾರಿಗೂ ಮಾತು ಕೊಡಬೇಡಿ. ಹರಿಯಾಣ ಮತ್ತು ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಎಂ-ವೆಲ್‌ಕೇರ್ ಪ್ರಯೋಗದಲ್ಲಿ, ನರ್ಸ್ ಕೈಗೆ ಚಿಕಿತ್ಸೆಯ ಸಲಹೆ ಕೊಡುವ ಟ್ಯಾಬ್ಲೆಟ್ ಇದ್ದ ಕೇಂದ್ರಗಳಿಗೂ, ಟ್ಯಾಬ್ಲೆಟ್ ಇಲ್ಲದೆ ತರಬೇತಿ-ಚಾರ್ಟುಗಳಿಂದ ಬಲಪಡಿಸಿದ ಕೇಂದ್ರಗಳಿಗೂ ಬಿಪಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡೂ ಕಡೆ ಸುಧಾರಿಸಿತು. ನಮ್ಮದೇ ರಾಜ್ಯದ ಈ ಫಲಿತಾಂಶವನ್ನು ಟ್ಯಾಬ್ಲೆಟ್ ಖರೀದಿಯ ಸಭೆಗಳಲ್ಲಿ ಯಾರೂ ನೆನೆಯುವುದಿಲ್ಲ.

ಯಂತ್ರ

ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರವೇ ಸಾಕು, ಮಣಿಕಟ್ಟಿನದು ಬೇಡ. ಕಫ್ (ತೋಳಿಗೆ ಸುತ್ತುವ ಪಟ್ಟಿ) ಎರಡು ಅಳತೆಯದು ಇರಲಿ: 22-32 ಸೆಂಟಿಮೀಟರ್ ಸುತ್ತಳತೆಯ ತೋಳಿಗೊಂದು, ದಪ್ಪ ತೋಳಿಗೊಂದು. ದಪ್ಪ ತೋಳಿಗೆ ಸಣ್ಣ ಕಫ್ ಕಟ್ಟಿದರೆ ಬಿಪಿ ಇಲ್ಲದವರಿಗೂ ಬಿಪಿ ತೋರಿಸುತ್ತದೆ. ಐದು ನಿಮಿಷ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ಮಾತಾಡಿಸದೆ, ತೋಳು ಎದೆಯ ಮಟ್ಟದಲ್ಲಿಟ್ಟು ಎರಡು ಸಲ. ಬ್ಯಾಟರಿಗೆ ಯಾವ ಲೆಕ್ಕದಿಂದ ದುಡ್ಡು ಎಂಬುದು ತೀರ್ಮಾನವಾಗಿರಲಿ, ಇಲ್ಲವಾದರೆ ಸೆಲ್ ಮುಗಿದ ಯಂತ್ರ ಬೀರು ಸೇರುತ್ತದೆ, ಅಂಕಿಗಳು ಮಾತ್ರ ಬರುತ್ತಲೇ ಇರುತ್ತವೆ. ಅದನ್ನು ಹಿಡಿಯುವ ಉಪಾಯ: ಐವತ್ತು ಕಾರ್ಡಿನ ಕೊನೆಯ ಅಂಕೆ ನೋಡಿ. ಡಿಜಿಟಲ್ ಯಂತ್ರದಲ್ಲಿ ಸೊನ್ನೆಯಲ್ಲಿ ಮುಗಿಯುವುದು ಹತ್ತರಲ್ಲಿ ಒಂದು. 130/80, 140/90, 130/80 ಎಂದೇ ಸಾಲು ಹೋಗಿದ್ದರೆ ಅಲ್ಲಿ ಯಂತ್ರ ಹೊರಗೆ ಬಂದಿಲ್ಲ.

ಶೇ 70 ಎಂದರೆ ಯಾವುದರ ಶೇ 70?

600 ನೋಂದಣಿ. ಈ ಮೂರು ತಿಂಗಳಲ್ಲಿ ಬಂದವರು 300. ಅವರಲ್ಲಿ 140/90ರ ಕೆಳಗಿರುವವರು 210. ಬಂದವರ ಮೇಲೆ ಲೆಕ್ಕ ಹಾಕಿದರೆ ಶೇ 70, ನೋಂದಣಿಯ ಮೇಲೆ ಹಾಕಿದರೆ ಶೇ 35. ಜಿಲ್ಲಾ ಸಭೆಯ ಪರದೆಯ ಮೇಲೆ ಮೊದಲನೆಯದು ಚಂದ ಕಾಣುತ್ತದೆ. ಬಾರದ 300 ಮಂದಿಯ ಬಿಪಿ ಏರಿದೆಯೆಂದೇ ತಿಳಿದು ಎರಡನೆಯದನ್ನು ಬರೆಯಿರಿ. ಸಂಖ್ಯೆ ಕಡಿಮೆ ಬಂದವರನ್ನು ಸಭೆಯಲ್ಲಿ ಬೈಯುವ ಮೇಲಧಿಕಾರಿ ಇದ್ದಲ್ಲಿ ಮುಂದಿನ ಸಲ ಸಂಖ್ಯೆ ಹೆಚ್ಚಾಗುತ್ತದೆ, ಬಿಪಿ ಇಳಿಯುವುದಿಲ್ಲ.

ಇಡೀ ಕಾರ್ಯಕ್ರಮ ಎಷ್ಟು ಗಟ್ಟಿ ಎಂದು ಅಳೆಯಲು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಒಂದು ಪ್ರಶ್ನಾವಳಿ ಇದೆ: ಹಣ, ಪಾಲುದಾರರು, ಸಂಸ್ಥೆಯ ಬಲ ಮುಂತಾದ 8 ವಿಷಯ, 40 ಪ್ರಶ್ನೆ, ಪ್ರತಿಯೊಂದಕ್ಕೂ 1ರಿಂದ 7 ಅಂಕ. ಪಿಎಚ್‌ಸಿಗೆ ಅದು ದೊಡ್ಡ ಅಂಗಿ. ಬಳಸುವುದಾದರೆ ವೈದ್ಯರು, ಫಾರ್ಮಸಿಯವರು, ಸಿಎಚ್‌ಒ, ಒಬ್ಬ ಆಶಾ ಬೇರೆಬೇರೆ ಕೂತು ತುಂಬಲಿ. ಸರಾಸರಿ ತೆಗೆಯಬೇಡಿ. ಒಂದೇ ಪ್ರಶ್ನೆಗೆ ವೈದ್ಯರು 6 ಕೊಟ್ಟು ಆಶಾ 2 ಕೊಟ್ಟಿದ್ದರೆ ಆ ಪ್ರಶ್ನೆಯಿಂದ ಮಾತು ಶುರುಮಾಡಿ.

ವರ್ಗವಾಗಿ ಹೋಗುವಾಗ

ಯಾವುದನ್ನು ಊರಿಗೆ ತಕ್ಕಂತೆ ಬದಲಿಸಬಹುದು, ಯಾವುದನ್ನು ಮುಟ್ಟಬಾರದು ಎಂಬುದು ಬರಹದಲ್ಲಿರಬೇಕು. ಕ್ಲಿನಿಕ್ಕಿನ ವಾರ, ಜಾಗ, ಕಾರ್ಡಿನ ಬಣ್ಣ, ಯಾರು ಬಿಪಿ ನೋಡುತ್ತಾರೆ, ಇವನ್ನು ಹೊಸಬರು ಬೇಕಾದಂತೆ ಬದಲಿಸಲಿ. ಮಾತ್ರೆಯ ಕ್ರಮ, 140/90ರ ಗೆರೆ, ಶನಿವಾರದ ಬಾಕಿ ಕಾರ್ಡು, ರೋಗಿ ಎಣಿಸಿ ಹಾಕುವ ಇಂಡೆಂಟ್, ಈ ನಾಲ್ಕನ್ನು ಬದಲಿಸಬೇಕೆಂದರೆ ಟಿಎಚ್‌ಒ ಸಹಿ ಬೇಕು ಎಂದಿರಲಿ.

ಚಾರ್ಜ್ ಕೊಡುವ ಹಾಳೆ ಒಂದು ಪುಟ ಮೀರದಿರಲಿ. ನೋಂದಣಿ ಎಷ್ಟು, ಹಂತವಾರು ಎಷ್ಟೆಷ್ಟು ಮಂದಿ, ಕೈಯಲ್ಲಿ ಎಷ್ಟು ಮಾತ್ರೆ ಮತ್ತು ಅದು ಯಾವ ತಾರೀಖಿನವರೆಗೆ ಸಾಕು, ಎಕ್ಸ್‌ಪೈರಿಗೆ ಹತ್ತಿರವಾದದ್ದು ಯಾವುದು, ಕಳಿಸಿದ ಇಂಡೆಂಟ್‌ಗಳಲ್ಲಿ ಬಾರದೆ ಉಳಿದದ್ದು ಯಾವುದು, ಆ್ಯಪ್ ಯಾರ ಫೋನ್ ನಂಬರಿನಲ್ಲಿ ಲಾಗಿನ್ ಆಗಿದೆ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಹೋದವರ ಸ್ವಂತ ನಂಬರಿಗೆ ಒಟಿಪಿ ಹೋಗುತ್ತಿರುತ್ತದೆ, ಬಂದವರು ಒಂದು ವಾರ ನೋಡಿ ಹೊಸ ರಿಜಿಸ್ಟರ್ ತೆರೆಯುತ್ತಾರೆ, ಕ್ರಮಸಂಖ್ಯೆ 1ರಿಂದ.